ದೊಡ್ಡಜ್ಜನ ಮುಖಕ್ಕೆ ಯಾವ ದಾರ

ದೊಡ್ಡಜ್ಜನ ಮುಖವನ್ನು ಕಂಡವರು ಯಾರೂ ಬದುಕಿ ಉಳಿದಿರಲಿಲ್ಲ. ದಮಯಂತಿಯ ಕಷ್ಟ ಶುರುವಾದದ್ದೇ ಅಲ್ಲಿಂದ. ಕಂಡವರು ಒಬ್ಬರಾದರೂ ಇದ್ದಿದ್ದರೆ ಮೂಗು ಹೀಗಿತ್ತು, ಹುಬ್ಬು ಹಾಗಿತ್ತು ಎಂದು ಒಂದು ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದರು. ಯಾರೂ ಕಂಡಿಲ್ಲವಾದ್ದರಿಂದ ಕುಟುಂಬದಲ್ಲಿ ಎಲ್ಲರಿಗೂ ಆ ಮುಖ ಚೆನ್ನಾಗಿ ಗೊತ್ತಿತ್ತು.

ದೊಡ್ಡಜ್ಜ ಎಂದರೆ ಕುಟುಂಬದ ಮೂಲಪುರುಷ. ಮೇಲ್ಮನೆ, ಕೆಳಮನೆ, ತೋಟದ ಮನೆ ಎಂದು ಈಗ ಮೂರಾಗಿರುವ ಅವನ ಸಂತಾನ ವರ್ಷಕ್ಕೊಮ್ಮೆ ಮೂಲಮನೆಯಾದ ಐನ್‌ಮನೆಯಲ್ಲಿ ಸೇರಿ ಅವನಿಗೆ ಎಡೆ ಇಡುತ್ತದೆ. ಇಷ್ಟು ಕಾಲವೂ ಅವನು ಮುಖವಿಲ್ಲದೆಯೇ ಬಂದು ಕೋಳಿಸಾರು, ಹಂದಿಮಾಂಸ, ಒಂದು ಲೋಟ ಬ್ರಾಂದಿ ಸ್ವೀಕರಿಸಿ ಹೋಗುತ್ತಿದ್ದ. ಅದರಿಂದ ಯಾರಿಗೂ ಯಾವ ಕೊರತೆಯೂ ಕಂಡಿರಲಿಲ್ಲ. ಆದರೆ ಹೋದ ವರ್ಷ ಕುಟುಂಬದ ಯಜಮಾನ, ಮೇಲ್ಮನೆಯ ದೇರಪ್ಪನವರು ಇನ್ನೊಂದು ಕುಟುಂಬದವರ ಮನೆಗೆ ಊಟಕ್ಕೆ ಹೋಗಿ, ಅಲ್ಲಿ ಗೋಡೆಯ ಮೇಲೆ ಅವರ ಮೂಲಪುರುಷನ ದೊಡ್ಡ ಪಟ ನೋಡಿ ಬಂದರು. ಬಂದವರು ತಿಂಗಳುಗಟ್ಟಲೆ ಸರಿಯಾಗಿ ಮಾತಾಡಲಿಲ್ಲ. ಕೊನೆಗೊಂದು ದಿನ ತಮ್ಮನಾದ, ದಮಯಂತಿಯ ಗಂಡ ತೀರ್ಥಪ್ರಸಾದನ ಮನೆಗೆ ಬಂದು, ಊಟದ ಕೋಣೆಯಲ್ಲಿ ತೂಗುಹಾಕಿದ್ದ ಗಿಳಿಯ ಚಿತ್ರವನ್ನು ಮೊದಲ ಸಲ ನೋಡುವವರಂತೆ ನೋಡಿದರು. ಅದು ಅಲ್ಲಿ ತೂಗಲು ಶುರುವಾಗಿ ಬಹಳ ಕಾಲವಾಗಿತ್ತು.

"ದಮಯಂತಿ, ಇದು ನೀ ಹೊಲಿದ್ದಾ?"

"ಹೌದು ಭಾವ. ಜಾಳಿಗೆ ಬಟ್ಟೆ ಮೇಲೆ ಪೇಂಟ್ ಮಾಡಿ ಕೊಡ್ತಾರೆ. ನಾವು ದಾರ ಆರಿಸಿ ತುಂಬುದು."

"ಹಂಗಾರೆ ನಮ್ಮ ದೊಡ್ಡಜ್ಜನ ತುಂಬು" ಎಂದರು ದೇರಪ್ಪನವರು.

ಮೈಸೂರಿನ ಒಬ್ಬ ಪೇಂಟರು ಕೇಳಿದ್ದನ್ನೆಲ್ಲ ಜಾಳಿಗೆ ಬಟ್ಟೆಯ ಮೇಲೆ ಬರೆದು ಕಳಿಸಿದ. ಪೇಟ, ಕಪ್ಪು ಕೋಟು, ಹಿಂದೆ ಕಾಫಿ ಗಿಡ, ಎಲ್ಲವೂ ಸರಿಯಾಗಿತ್ತು. ಮುಖ ಮಾತ್ರ ಅವನದೇ ಕಲ್ಪನೆ. ಅಂಗೈಯಗಲದ ಆ ಮುಖ ದುಂಡಗೆ, ನುಣ್ಣಗೆ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಅಂಗಡಿಯವರು ಹೊಸವರ್ಷಕ್ಕೆ ಕೊಡುವ ಕ್ಯಾಲೆಂಡರಿನಲ್ಲಿ ಇರಬಹುದಾದ ಮುಖ.

ಈ ಕೆಲಸ ಗೊತ್ತಿಲ್ಲದವರು, ಬಣ್ಣ ಬರೆದೇ ಕೊಟ್ಟಿದ್ದಾನಲ್ಲ, ಇನ್ನು ಅದರ ಮೇಲೆ ದಾರ ಎಳೆದರೆ ಮುಗಿಯಿತು ಎನ್ನುತ್ತಾರೆ. ದಮಯಂತಿಗೆ ಅಂಥ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಬರೆದ ಬಣ್ಣ ದಾರಿ ತೋರಿಸುತ್ತದೆ, ಅಷ್ಟೆ. ಹೋಗಬೇಕಾದವಳು ಅವಳು. ಅದೇ ಕೆಂಪನ್ನು ಉಲ್ಲನ್ನಿನಲ್ಲಿ ತುಂಬಿದರೆ ಬೆಳಕನ್ನು ಕುಡಿದು ಕೂರುತ್ತದೆ, ರೇಷ್ಮೆಯಲ್ಲಿ ತುಂಬಿದರೆ ಎದ್ದು ಬಂದು ಮಾತಾಡಿಸುತ್ತದೆ. ಪೇಟಕ್ಕೆ ಅವಳು ಹಳದಿ ರೇಷ್ಮೆ ಆರಿಸಿ, ಒಂದರ ಕೆಳಗೊಂದು ನುಸುಳುವ ಚಾಪೆ ಹೊಲಿಗೆ ಹಾಕಿದ್ದಳು. ಕೋಟಿಗೆ ಕಪ್ಪು ಉಲ್ಲನ್ನು, ಗಾರೆಯವನು ಇಟ್ಟಿಗೆ ಕೂರಿಸುವಂತೆ ಒಂದು ಸಾಲು ಬಿಟ್ಟು ಒಂದು ಸಾಲು. ಕಾಫಿ ಹಣ್ಣಿಗೆ ಒಂದೊಂದು ಗಂಟು. ಎಲ್ಲ ಮುಗಿದಿತ್ತು. ಮುಖ ಒಂದು ಉಳಿದಿತ್ತು, ಇವತ್ತೇ ಸಂಜೆ ಎಡೆ ಇತ್ತು.

ಆದರೆ ಅವಳು ಹೆದರಿದ್ದು ಮುಖಕ್ಕಾಗಿ ಅಲ್ಲ. ಮಗಳು ಪೂಜಿತಾಳಿಗಾಗಿ.

ಪೂಜಿತಾ ಮಡಿಕೇರಿಯ ಶಾಲೆಯೊಂದರಲ್ಲಿ ಟೀಚರು. ಹುದಿಕೇರಿಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೆಶೀನು ರಿಪೇರಿ ಮಾಡುವ ಅಕ್ಷಿತ್ ಎಂಬ ಹುಡುಗನನ್ನು ಮೆಚ್ಚಿಕೊಂಡಿದ್ದಳು. ಹುಡುಗ ಒಳ್ಳೆಯವನು, ಮಾತು ಕಡಿಮೆ, ಕೈಗೆ ಗ್ರೀಸ್ ಇದ್ದರೂ ಮನೆಗೆ ಬರುವಾಗ ಸೋಪು ಹಾಕಿ ತೊಳೆದುಕೊಂಡೇ ಬರುತ್ತಿದ್ದ. ತಾಯಿಯ ಹಾಗೆ ದುಂಡು ಮುಖದ ಆ ಹುಡುಗ ದಮಯಂತಿಗೆ ಮೊದಲ ದಿನವೇ ಹಿಡಿಸಿದ್ದ. ಅವನ ತಂದೆ ಜಯಪ್ಪ ಬಾಳೆಲೆ ಎಂಬ ಊರಿನಲ್ಲಿ ತೋಟ ಮಾಡಿಕೊಂಡಿದ್ದರು. ಅವರನ್ನು ದಮಯಂತಿ ಇನ್ನೂ ಎದುರಿಗೆ ನೋಡಿರಲಿಲ್ಲ. ವಿಡಿಯೋ ಕಾಲಿನಲ್ಲಿ ಫೋನನ್ನು ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಅವರು ಪ್ರತಿ ಸಲವೂ ತಮ್ಮ ಹಣೆಯನ್ನೂ ಮನೆಯ ಫ್ಯಾನನ್ನೂ ತೋರಿಸುತ್ತಿದ್ದರು.

ಆ ಜಯಪ್ಪ ಇವತ್ತು ಸಂಜೆ ಹೆಣ್ಣು ಕೇಳಲು ಐನ್‌ಮನೆಗೆ ಬರುವವರಿದ್ದರು. ಕೇಳುವುದು ದೊಡ್ಡಜ್ಜನ ಎದುರಿಗೆ, ಮೂರೂ ಮನೆಯ ಹಿರಿಯರು ಇರುವಾಗ. ಮೂರು ಬಾಯಿಂದಲೂ ಒಪ್ಪಿಗೆಯ 'ಆಕು' ಬಂದರೆ ಮದುವೆ. ಒಂದು ಬಾಯಿ ಮುಚ್ಚಿಕೊಂಡು ಕೂತರೂ ದೇರಪ್ಪನವರು ಮುಂದಕ್ಕೆ ಹೋಗುವವರಲ್ಲ. ಅವರ ಅಪ್ಪನೂ ಹೋದವರಲ್ಲ. ಹಾಗಾಗಿ ದಮಯಂತಿ ಬೆಳಿಗ್ಗೆ ಐನ್‌ಮನೆಗೆ ಬಂದು ಜಗಲಿಯ ಬೆಳಕಿನಲ್ಲಿ ಚೌಕಟ್ಟು ಇಟ್ಟುಕೊಂಡು ಕೂತಾಗ ಮನಸ್ಸಿನಲ್ಲಿ ಒಂದೇ ಹರಕೆ ಇತ್ತು. ಇವತ್ತೊಂದು ದಿನ ಯಾರನ್ನೂ ಎದುರು ಹಾಕಿಕೊಳ್ಳಬಾರದು.

ಮೊದಲು ಬಂದವರು ದೇರಪ್ಪನವರೇ. ಕೈ ಹಿಂದಕ್ಕೆ ಕಟ್ಟಿಕೊಂಡು ಬಹಳ ಹೊತ್ತು ನಿಂತು ನೋಡಿದರು.

"ಇದೆಂಥ ಮೂಗು?"

"ಪೇಂಟರ್ ಬರೆದದ್ದು ಭಾವ."

"ಪೇಂಟರ್‌ಗೆ ಎಂಥ ಗೊತ್ತುಟ್ಟು. ಬೆಂಡೆಕಾಯಿ ಹಂಗೆ ನೆಟ್ಟಗೆ ಉಟ್ಟು. ನಮ್ಮ ಕುಟುಂಬದಲ್ಲಿ ನೆಟ್ಟಗಿನ ಮೂಗು ಉಟ್ಟಾ? ನನ್ನ ಮೂಗು ನೋಡು."

ದಮಯಂತಿ ನೋಡಿದಳು. ಮದುವೆಯಾಗಿ ಬಂದಾಗಿನಿಂದ ಆ ಮೂಗನ್ನು ನೋಡುತ್ತಲೇ ಬಂದಿದ್ದಳು. ನಡುವೆ ಒಂದು ಗುಡ್ಡದಂತೆ ಎದ್ದು, ಆಮೇಲೆ ಎಡಕ್ಕೆ ವಾಲುವ ಮೂಗು.

"ನನ್ನ ಅಪ್ಪಂದೂ ಹಿಂಗೆ. ಅಜ್ಜಂದೂ ಹಿಂಗೆ. ಎಡಕ್ಕೆ."

"ಆದ್ರೆ ಇವರ ಮೂಗು ನೆಟ್ಟಗಿದೆಯಲ್ಲ ಭಾವ" ಎಂದು ದಮಯಂತಿ ತೆಂಗಿನಕಾಯಿ ಸುಲಿಯುತ್ತಿದ್ದ ಗಂಡನ ಕಡೆ ನೋಡಿದಳು.

"ತೀರ್ಥನ ಮೂಗು ಅವ್ವನ ಕಡೆದು. ಅದು ಲೆಕ್ಕಕ್ಕೆ ಇಲ್ಲೆ" ಎಂದರು ದೇರಪ್ಪನವರು. ತೀರ್ಥಪ್ರಸಾದ ತನ್ನ ಮೂಗನ್ನೊಮ್ಮೆ ಮುಟ್ಟಿಕೊಂಡು ತೆಂಗಿನಕಾಯಿಗೆ ಮರಳಿದ. "ಅಜ್ಜನ ಮೂಗು ಸರಿ ಬರ್ಲಿ ದಮಯಂತಿ. ಸಂಜೆದು ನಾ ನೋಡ್ಕೊಳ್ತೆ."

ಸಂಜೆಯ ಮಾತು ಬಂದಮೇಲೆ ದಮಯಂತಿ ಸೂಜಿಗೆ ದಾರ ಪೋಣಿಸಿದಳು. ಎಡಕ್ಕೆ ಬಾಗಿದ ಮೂಗು ತರುವುದು ಹುಡುಗಾಟವಲ್ಲ. ಇಡೀ ಪಟದಲ್ಲಿ ಹೊಲಿಗೆಗಳು ಬಲಕ್ಕೆ ಓರೆಯಾಗಿ ಮಲಗಿರುತ್ತವೆ. ಮೂಗಿನ ಒಂದು ಮಗ್ಗುಲಲ್ಲಿ ಮಾತ್ರ ಅವನ್ನು ಎಡಕ್ಕೆ ತಿರುಗಿಸಿ ಮಲಗಿಸಿದರೆ ಬೆಳಕು ಅಲ್ಲಿ ಬೇರೆ ರೀತಿ ಬಿದ್ದು, ಮೂಗು ತಾನಾಗಿ ಅತ್ತ ವಾಲಿದಂತೆ ಕಾಣುತ್ತದೆ. ಗುಡ್ಡಕ್ಕೆ ನಾಲ್ಕೆಳೆ ರೇಷ್ಮೆ ಬೇಕು, ಇಳಿಜಾರಿಗೆ ಉಲ್ಲನ್ನು. ಪೇಂಟರು ಬರೆದ ಗೆರೆಯನ್ನು ದಾಟಿ ಅವಳು ಮೂಗನ್ನು ಎಡಗೆನ್ನೆಯ ಮೇಲೆ ಅಷ್ಟು ದೂರ ಎಳೆದು ತಂದಳು. ಚೌಕಟ್ಟನ್ನು ದೂರ ಹಿಡಿದು ನೋಡಿದಾಗ ಅವಳಿಗೇ ಸಮಾಧಾನವಾಯಿತು. ಎಲ್ಲೋ ಗಾಳಿಗೆ ಬಾಗಿದ ಮರದ ಹಾಗೆ ಅದಕ್ಕೊಂದು ಗತ್ತು ಬಂದಿತ್ತು.

ಎರಡನೆಯವರು ತೋಟದ ಮನೆಯ ಶಶಿಕುಮಾರ್. ಮಿಲಿಟರಿಯಿಂದ ಸುಬೇದಾರರಾಗಿ ನಿವೃತ್ತರಾದವರು, ಹಂದಿಮಾಂಸ ತೊಳೆಯುವವರನ್ನು ಸಾಲಾಗಿ ನಿಲ್ಲಿಸಿ ಬಂದಿದ್ದರು. ಮೂಗು ಕಂಡು ಗಂಭೀರವಾಗಿ ತಲೆಯಾಡಿಸಿದರು.

"ಮೂಗು ಮೇಲ್ಮನೆದು. ಇರ್ಲಿ. ಅವರು ಯಜಮಾನರು. ಹುಬ್ಬು ಯಾರದ್ದು?"

"ಹುಬ್ಬು ಇನ್ನೂ ಆಗಿಲ್ಲ ಅಣ್ಣ."

"ಬಿಟ್ಟು ಬಿಟ್ಟು ಎರಡು ಹುಬ್ಬು ಬರೆದಿದ್ದಾನೆ ನೋಡಿ, ಮದುಮಗಳ ಹಾಗೆ. ದೊಡ್ಡಜ್ಜ ಹುಲಿ ಹೊಡೆದವರು. ಹುಲಿ ಹೊಡೆದವರಿಗೆ ಹುಬ್ಬು ಹೀಗಿರ್ತದಾ?" ಎಂದು ತಮ್ಮ ಹುಬ್ಬನ್ನು ಅವಳ ಮುಂದೆ ತಂದು ನಿಲ್ಲಿಸಿದರು. ಅದು ಈ ಕಿವಿಯ ಹತ್ತಿರ ಹೊರಟು, ಎಲ್ಲೂ ತಂಗದೆ, ಆ ಕಿವಿಯ ಹತ್ತಿರ ಮುಟ್ಟುವ ಒಂದೇ ಹುಬ್ಬು. "ರೆಜಿಮೆಂಟಲ್ಲಿ ಇದನ್ನ ನೋಡಿ ಆಫೀಸರುಗಳೇ ಸುಮ್ಮನಾಗ್ತಿದ್ರು. ಮತ್ತೆ ಈ ಮೈಬಣ್ಣ ಎಂಥದು?"

"ಭಾವ ಪಾರ್ಚ್‌ಮೆಂಟ್ ಬಣ್ಣ ಅಂದ್ರು" ಎಂದಳು ದಮಯಂತಿ. ಪಾರ್ಚ್‌ಮೆಂಟ್ ಎಂದರೆ ತೊಳೆದು ಒಣಗಿಸಿದ ಕಾಫಿ ಬೀಜ. ಕಣದಲ್ಲಿ ಹರಡಿದಾಗ ತಿಳಿ ಬಂಗಾರದಂತೆ ಕಾಣುತ್ತದೆ.

"ಪಾರ್ಚ್‌ಮೆಂಟ್ ಮೇಲ್ಮನೆಯವರು ನೆರಳಲ್ಲಿ ಕೂತು ಆದ ಬಣ್ಣ. ದೊಡ್ಡಜ್ಜ ಬಿಸಿಲಲ್ಲಿ ದುಡಿದವರು. ಹುರಿದ ಬೀಜದ ಬಣ್ಣ ಇರಬೇಕು." ಅವರು ದನಿ ತಗ್ಗಿಸಿದರು. "ಪೂಜಿತಾ ನಮಗೂ ಮಗಳೇ. ಸಂಜೆ ನಾನು ಮಾತಾಡ್ತೇನೆ. ಹುಬ್ಬು ನೋಡಿ ಮಾತಾಡ್ತೇನೆ."

ದಮಯಂತಿಗೆ ಅರ್ಥವಾಯಿತು. ಹುಬ್ಬಿಗೆ ಅವಳು ಒಂಟಿ ಎಳೆಯ ಕಪ್ಪು ಉಲ್ಲನ್ನು ಆರಿಸಿ, ಒಂದು ಉದ್ದ ಒಂದು ಗಿಡ್ಡ ಹೊಲಿಗೆ ಹಾಕುತ್ತ, ಮೂಗಿನ ಮೇಲಿನ ಖಾಲಿ ಜಾಗವನ್ನೂ ತುಂಬಿಸಿಬಿಟ್ಟಳು. ಮೈಬಣ್ಣಕ್ಕೆ ಉಪಾಯ ಒಂದಿತ್ತು. ಒಂದೇ ಸೂಜಿಗೆ ಎರಡು ಬಣ್ಣದ ಎಳೆ ಸೇರಿಸಿ ಪೋಣಿಸಿದರೆ ದೂರದಿಂದ ಎರಡೂ ಬೆರೆತು ಮೂರನೆಯದಾಗಿ ಕಾಣುತ್ತದೆ. ಪಾರ್ಚ್‌ಮೆಂಟ್ ಬಣ್ಣ ಚೀಲದಲ್ಲಿ ಬೇಕಾದಷ್ಟಿತ್ತು. ಹುರಿದ ಬೀಜದ ಬಣ್ಣ ಒಂದು ಮಾರೂ ಇರಲಿಲ್ಲ. ಅವಳು ಗಂಡನನ್ನು ಕರೆದಳು.

"ಮಡಿಕೇರಿಗೆ ಹೋಗಿ ಬನ್ನಿ. ಹುರಿದ ಕಾಫಿ ಬೀಜದ ಬಣ್ಣದ ಉಲ್ಲನ್. ಕಪ್ಪು ಬೇಡ, ಇಟ್ಟಿಗೆ ಕೆಂಪೂ ಬೊತ್ತು."

ತೀರ್ಥಪ್ರಸಾದ ಸಹಕಾರ ಸಂಘದಲ್ಲಿ ಗೊಬ್ಬರ ಹಂಚುವ ಮನುಷ್ಯ. ಅವನಿಗೆ ಗೊತ್ತಿದ್ದ ಬಣ್ಣಗಳೆಲ್ಲ ಗೊಬ್ಬರದ ಚೀಲದ ಮೇಲಿದ್ದವು. ಆದರೆ ಹೆಂಡತಿಗೆ ಇಲ್ಲ ಎಂದು ಅಭ್ಯಾಸವಿರಲಿಲ್ಲ. ಅಡಿಗೆಮನೆಗೆ ಹೋಗಿ ಒಂದು ಚಿಟಿಕೆ ಕಾಫಿಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಸ್ಕೂಟರು ಹತ್ತಿದ.

ಅವನು ಅತ್ತ ಹೋದದ್ದೇ ತಡ, ಕೆಳಮನೆಯ ಗಂಗಮ್ಮ ಬಂದು ಪಕ್ಕದಲ್ಲಿ ಕೂತರು. ಕೆಳಮನೆಯಲ್ಲಿ ಈಗ ಉಳಿದ ಹಿರಿಯ ತಲೆ ಅವರದೇ, ಮೂರನೆಯ 'ಆಕು' ಅವರ ಬಾಯಲ್ಲಿತ್ತು. ಅವರು ಪಟವನ್ನು ನೋಡಲಿಲ್ಲ. ಕಡುಬಿನ ಹಿಟ್ಟು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅಂಗಳ ನೋಡುತ್ತ ಕೂತರು.

"ಬಾಳೆಲೆಯವರು ಎಷ್ಟೊತ್ತಿಗೆ ಬರುದು?"

"ದೀಪ ಹಚ್ಚುವ ಹೊತ್ತಿಗೆ ದೊಡ್ಡವ್ವ."

"ಬಾಳೆಲೆ ಅಂದಾಗ ನಂಗೆ ಒಂದು ನೆನಪಾದೆ. ನಮ್ಮ ಅತ್ತೆ ಹೇಳ್ತಿದ್ದ ಮಾತು. ಈ ಮನೆಲಿ ಒಬ್ಬ ಹುಡುಗ ಇದ್ದನಂತೆ. ಅಣ್ಣಂದಿರ ಹತ್ರ ಜಗಳ ಮಾಡಿ, ಊಟದ ಬಾಳೆಲೆ ಮಡಚಿಟ್ಟು ಎದ್ದು ಹೋದನಂತೆ ತೆಂಕಕ್ಕೆ. ಹೆಂಡತಿ ಮನೆಯ ಹೆಸರು ಇಟ್ಕೊಂಡು ಅಲ್ಲೇ ಉಳಿದನಂತೆ. ಹುದಿಕೇರಿಯಿಂದ ಆಚೆ ಅಂತ ಹೇಳ್ತಿದ್ರು."

ಸೂಜಿ ದಮಯಂತಿಯ ಬೆರಳಿಗೆ ಚುಚ್ಚಿತು. ಗಂಗಮ್ಮ ಹೇಳದೆ ಬಿಟ್ಟದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಂದೇ ಅಜ್ಜನ ಸಂತಾನವೆಂದರೆ ಎಷ್ಟು ತಲೆಮಾರು ಕಳೆದರೂ ಒಂದೇ ಕುಟುಂಬ, ಗೋತ್ರದ ಹಾಗೆ ಒಂದೇ ಬಳಿ. ಒಂದೇ ಬಳಿಯ ಹುಡುಗ ಹುಡುಗಿ ಅಣ್ಣ ತಂಗಿ. ಆ ಮಾತಿಗೆ ಮೇಲ್ಮನವಿ ಇಲ್ಲ.

"ಅವರ ಬಳಿ ಬೇರೆ ದೊಡ್ಡವ್ವ. ಭಾವ ವಿಚಾರಿಸಿದ್ದಾರೆ" ಎಂದಳು ಬೆರಳನ್ನು ಒತ್ತಿಕೊಳ್ಳುತ್ತ.

"ಬೇರೆಯೇ ಇರ್ಬೊದು. ನಾ ಎಂಥಕ್ಕೆ ಹೇಳ್ಲಿ. ಈ ಕುಟುಂಬಲಿ ಕೆಳಮನೆ ಮಾತು ಯಾರು ಕೇಳ್ತಾರೆ." ಗಂಗಮ್ಮ ಈಗ ಪಟದ ಕಡೆ ತಿರುಗಿದರು. "ಮೇಲ್ಮನೆ ಮೂಗು ಬಂದುಟ್ಟು. ತೋಟದ ಮನೆ ಹುಬ್ಬು ಬಂದುಟ್ಟು. ದೊಡ್ಡಜ್ಜಂಗೆ ಗಲ್ಲದಲ್ಲಿ ಒಂದು ಗುಳಿ ಇತ್ತು. ನಮ್ಮವರಿಗೂ ಇತ್ತು, ನನ್ನ ಮಗಂಗೂ ಉಟ್ಟು. ಅದು ಯಾರಿಗೂ ನೆನಪಿಲ್ಲೆ."

ದಮಯಂತಿ ಆ ಮುದುಕಿಯ ಮುಖ ನೋಡಿದಳು. ಅಲ್ಲಿ ಕೆಟ್ಟತನವೇನೂ ಇರಲಿಲ್ಲ. ತೀರಿಹೋದ ಗಂಡನ ಗಲ್ಲವನ್ನು ಗೋಡೆಯ ಮೇಲೆ ಒಂದು ಸಲ ನೋಡಬೇಕೆಂಬ ಆಸೆ ಮಾತ್ರ ಇತ್ತು. ಅದನ್ನು ನೇರವಾಗಿ ಕೇಳಲು ಬಾರದೆ ಅವರು ಬಾಳೆಲೆಯನ್ನು ಸುತ್ತಿ ಬಂದಿದ್ದರು.

"ಗುಳಿ ಹಾಕ್ತೇನೆ ದೊಡ್ಡವ್ವ."

"ಆಳ ಇರ್ಲಿ."

"ಆಳವಾಗಿಯೇ ಹಾಕ್ತೇನೆ. ಆ ಅತ್ತೆಯ ಮಾತು?"

"ಯಾವ ಮಾತು?" ಎಂದರು ಗಂಗಮ್ಮ, ಎದ್ದು ಕಡುಬಿನ ಕಡೆ ಹೋಗುತ್ತ.

ಗುಳಿ ಹಾಕಲು ಸುತ್ತಲಿನ ಹೊಲಿಗೆಗಳನ್ನು ಸಡಿಲವಾಗಿ ಉಬ್ಬಿಸಿ, ನಡುವೆ ಒಂದೆರಡು ಕಡೆ ದಾರವನ್ನು ಗಟ್ಟಿಯಾಗಿ ಜಗ್ಗಬೇಕು. ದಮಯಂತಿ ತನ್ನ ಹೆದರಿಕೆಯನ್ನೆಲ್ಲ ಸೇರಿಸಿ ಜಗ್ಗಿದಳು. ಗುಳಿ ಎಷ್ಟು ಚೆನ್ನಾಗಿ ಬಿತ್ತೆಂದರೆ ಅಲ್ಲಿ ಒಂದು ಅವರೆಕಾಳು ಇಡಬಹುದಿತ್ತು.

ಮಧ್ಯಾಹ್ನದ ಬಿಸಿಲಿಗೆ ತೀರ್ಥಪ್ರಸಾದ ಮರಳಿ ಬಂದ. ಅಂಗಡಿಯಲ್ಲಿ ಪೊಟ್ಟಣ ಬಿಚ್ಚಿದಾಗ ಫ್ಯಾನಿನ ಗಾಳಿಗೆ ಕಾಫಿಪುಡಿ ಹಾರಿ ಒಂದು ಬಿಳಿ ಉಲ್ಲನ್ನಿನ ರಾಶಿಯ ಮೇಲೆ ಬಿದ್ದು, ಅಷ್ಟನ್ನೂ ಅವನೇ ಕೊಳ್ಳಬೇಕಾಗಿ ಬಂದಿತ್ತು. ಆದರೆ ಅದರ ಜೊತೆ ತಂದ ಕಂದು ದಾರ ಮಾತ್ರ ಪುಡಿಯ ಬಣ್ಣಕ್ಕೆ ಸರಿಯಾಗಿ ಕೂತಿತ್ತು. ಬಿಳಿಯದನ್ನು ದಮಯಂತಿ ಮೀಸೆಗೆ ಹಾಕಿದಳು. ಅಲ್ಲಲ್ಲಿ ಕಾಫಿಪುಡಿಯ ಕಲೆ ಇದ್ದದ್ದರಿಂದ ಮೀಸೆಗೆ ಬಹಳ ಸಹಜವಾದ ಮುಪ್ಪು ಬಂತು.

ಎರಡೆಳೆ ಸೇರಿಸಿ ಕೆನ್ನೆ ತುಂಬಿಸುತ್ತಿದ್ದಾಗ ತೀರ್ಥಪ್ರಸಾದ ಪಕ್ಕದಲ್ಲೇ ನಿಂತಿದ್ದ. ಹೋಗಲಿಲ್ಲ. ಒಂದು ಸಲ ಕೆಮ್ಮಿದ.

"ಎಂಥ?" ಎಂದಳು ದಮಯಂತಿ.

"ಏನಿಲ್ಲೆ. ಕಿವಿ..."

"ಕಿವಿ ಎಂಥ?"

"ಮೂಗು ಅವ್ವನ ಕಡೆದು ಅಂದ್ರಲ್ಲ ಅಣ್ಣ. ಕಿವಿ ಅಪ್ಪನ ಕಡೆದೇ. ಆಗುದಾದ್ರೆ ಹಾಕು. ಆಗದಿದ್ರೆ ಬೊತ್ತು."

ದಮಯಂತಿ ತಲೆಯೆತ್ತಿ ಗಂಡನನ್ನು ನೋಡಿದಳು. ತಲೆಗೆ ಆನಿಕೊಳ್ಳದೆ ಎರಡು ಕಡೆಗೂ ಬಾಗಿಲು ತೆರೆದ ಹಾಗೆ ನಿಂತ ಕಿವಿಗಳು. ಮದುವೆಯಾದಾಗಿನಿಂದ ಈ ಮನುಷ್ಯ ಇಂಥದ್ದು ಬೇಕು ಎಂದು ಬಾಯಿ ಬಿಟ್ಟು ಕೇಳಿದ್ದು ಅವಳಿಗೆ ನೆನಪಿರಲಿಲ್ಲ. ಪೇಂಟರು ಬರೆದ ಕಿವಿಗಳು ಪೇಟದಡಿ ಅಡಗಿ ಕೂತಿದ್ದವು. ಹೊಸ ಕಿವಿಗೆ ಜಾಗ ಮಾಡಲು ಮುಗಿದಿದ್ದ ಕಾಫಿ ಎಲೆಗಳನ್ನು ಎರಡೂ ಕಡೆ ಬಿಚ್ಚಬೇಕಾಯಿತು. ಅವಳು ಅವನ್ನು ಬಿಚ್ಚಿ, ಹಸಿರಿನ ಮೇಲೆ ಎದ್ದು ಕಾಣುವಂತೆ ಎರಡು ಕಿವಿ ಹಾಕಿದಳು. ಪ್ರೀತಿಯಿಂದ ಹಾಕಿದ್ದು ಆ ಎರಡನ್ನೇ. ಉಳಿದದ್ದೆಲ್ಲ ಹೆದರಿಕೆಯಿಂದ ಹಾಕಿದ್ದು.

ಸಂಜೆಗೆ ಪಟ ಗೋಡೆ ಏರಿತು. ಕೆಳಗೆ ದೀಪ, ಬಾಳೆ ಎಲೆಯ ಮೇಲೆ ಎಡೆ, ಲೋಟದಲ್ಲಿ ಬ್ರಾಂದಿ. ಮೂರು ಮನೆಯವರೂ ಸಾಲಾಗಿ ನಿಂತು ನೋಡಿದರು. ದೇರಪ್ಪನವರು ಮೂಗನ್ನು ನೋಡಿದರು, ಶಶಿಕುಮಾರ್ ಹುಬ್ಬನ್ನು ನೋಡಿದರು, ಗಂಗಮ್ಮ ಗಲ್ಲವನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಇಡೀ ಮುಖವನ್ನು ಯಾರೂ ನೋಡಲಿಲ್ಲ.

"ಇದು ದೊಡ್ಡಜ್ಜನೇ" ಎಂದರು ದೇರಪ್ಪನವರು.

"ಸಂಶಯವೇ ಇಲ್ಲ" ಎಂದರು ಶಶಿಕುಮಾರ್.

ದಮಯಂತಿ ಹಿಂದೆ ನಿಂತು ಮಗಳ ಕೈ ಹಿಡಿದುಕೊಂಡಳು. ಮೂರು ಮನೆಯೂ ಕರಗಿತ್ತು. ಇನ್ನು ಮೂರು ಸಲ 'ಆಕು' ಎನ್ನುವುದೊಂದೇ ಬಾಕಿ.

ಅಂಗಳದಲ್ಲಿ ಜೀಪು ನಿಂತಿತು. ಅಕ್ಷಿತ್ ಹಣ್ಣಿನ ತಟ್ಟೆ ಹಿಡಿದುಕೊಂಡು ಇಳಿದ. ಹಿಂದೆ ಅವನ ದುಂಡು ಮುಖದ ತಾಯಿ. ಎಲ್ಲರಿಗಿಂತ ಹಿಂದೆ, ತಲೆಗೆ ಮಫ್ಲರು ಸುತ್ತಿಕೊಂಡು ಜಯಪ್ಪ. ಶೀತವಾಗಿತ್ತಂತೆ. ಜಗಲಿಯಲ್ಲಿ ಚಪ್ಪಲಿ ಬಿಟ್ಟು, ಯಾರ ಮುಖವನ್ನೂ ನೋಡದೆ ತಗ್ಗಿದ ತಲೆಯಲ್ಲೇ ಒಳಗೆ ಬಂದು, ಮೊದಲು ಹಿರಿಯರಿಗೆ ನಮಸ್ಕಾರ ಎಂದು ನೇರ ಪಟದ ಕೆಳಗೆ ಹೋದರು. ಅಡ್ಡಬಿದ್ದರು. ಎದ್ದರು. ಮಫ್ಲರು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ದೀಪದ ಬೆಳಕಿಗೆ ಮುಖ ಮಾಡಿ ಎಲ್ಲರ ಕಡೆ ತಿರುಗಿದರು.

ಎಲ್ಲರೂ ಒಮ್ಮೆ ಅವರನ್ನು ನೋಡಿದರು, ಒಮ್ಮೆ ಪಟವನ್ನು ನೋಡಿದರು.

ಗೋಡೆಯ ಮೇಲೆ ಒಂದು ಮುಖವಿತ್ತು, ಅದರ ಸರಿಯಾಗಿ ಕೆಳಗೆ ಇನ್ನೊಂದು. ಮೇಲಿನದು ಉಲ್ಲನ್ನಿನದು, ಕೆಳಗಿನದು ಶೀತವಾದದ್ದು. ನಡುವೆ ಗುಡ್ಡ ಎದ್ದು ಎಡಕ್ಕೆ ವಾಲಿದ ಮೂಗು. ಕಿವಿಯಿಂದ ಕಿವಿಗೆ ಒಂದೇ ಹುಬ್ಬು. ಗಲ್ಲದಲ್ಲಿ ಅವರೆಕಾಳು ಇಡುವಷ್ಟು ಗುಳಿ. ಪಾರ್ಚ್‌ಮೆಂಟೂ ಅಲ್ಲದ ಹುರಿದದ್ದೂ ಅಲ್ಲದ ಬಣ್ಣ. ಎರಡು ಕಡೆಗೂ ಬಾಗಿಲು ತೆರೆದ 'ಅಪ್ಪನ ಕಡೆಯ' ಕಿವಿ. ಅಲ್ಲಲ್ಲಿ ಕಾಫಿಪುಡಿ ಬಿದ್ದಂಥ ಮೀಸೆ ಕೂಡ ಅದೇ.

"ಅಜ್ಜ ಬಂದ" ಎಂದರು ಗಂಗಮ್ಮ, ಬಹಳ ಮೆಲ್ಲಗೆ.

ಜಯಪ್ಪನವರು ಎಲ್ಲರ ಕಣ್ಣು ಹೋದ ಕಡೆಗೆ ತಾವೂ ತಿರುಗಿ ನೋಡಿದರು. ಈ ಸಲ ಸರಿಯಾಗಿ ನೋಡಿದರು. ಅವರ ಕೈ ತಾನಾಗಿ ಮೂಗಿಗೆ ಹೋಯಿತು.

"ಇವರು ಯಾರು?" ಎಂದು ಕೇಳಿದರು.

"ನಮ್ಮ ದೊಡ್ಡಜ್ಜ" ಎಂದರು ದೇರಪ್ಪನವರು.

"ನಮ್ಮ ಅಜ್ಜ ಸಾಯುವ ಮೊದಲು ಒಂದು ಮಾತು ಹೇಳಿದ್ರು" ಎಂದರು ಜಯಪ್ಪ. "ನಮಗೂ ಒಂದು ಮನೆ ಇತ್ತು ಮಗನೇ, ಉಣ್ತಾ ಇದ್ದವರು ಎದ್ದು ಬಂದೆವು ಅಂತ. ಯಾವ ಊರು ಅಂತ ಹೇಳ್ಲಿಲ್ಲ. ನಾನೂ ಹುಡುಕಲಿಲ್ಲ. ಎಲ್ಲಿ ಅಂತ ಹುಡುಕುದು."

ದೇರಪ್ಪನವರು ಮುಂದೆ ಬಂದರು. ಎಡಕ್ಕೆ ವಾಲಿದ ಎರಡು ಮೂಗುಗಳು ಎದುರುಬದುರು ನಿಂತವು. ಆಮೇಲೆ ಇಬ್ಬರೂ ಅಪ್ಪಿಕೊಂಡು ಚಿಕ್ಕ ಮಕ್ಕಳ ಹಾಗೆ ಅತ್ತರು. ಶಶಿಕುಮಾರ್ ಸೆಲ್ಯೂಟ್ ಹೊಡೆದರು, ಹುಬ್ಬಿಗೋ ಮನುಷ್ಯನಿಗೋ ತಿಳಿಯಲಿಲ್ಲ. ಗಂಗಮ್ಮ ಅತ್ತೆಯ ಮಾತನ್ನು ಈಗ ಎಲ್ಲರಿಗೂ ಕೇಳುವಂತೆ, ಬಾಳೆಲೆ ಮಡಚಿಟ್ಟದ್ದರ ಸಮೇತ, ಪೂರ್ತಿಯಾಗಿ ಹೇಳಿದರು. ಪೂಜಿತಾ ದಮಯಂತಿಯ ಕೈಯೊಳಗಿಂದ ತನ್ನ ಕೈ ಬಿಡಿಸಿಕೊಂಡಳು.

"ಭಾವ" ಎಂದಳು ದಮಯಂತಿ. ಹಿರಿಯರ ನಡುವೆ ಅವಳು ಹೀಗೆ ಮುಂದೆ ಬಂದು ನಿಂತದ್ದು ಇದೇ ಮೊದಲು. "ಭಾವ, ಈ ಮುಖ ದೊಡ್ಡಜ್ಜಂದಲ್ಲ. ಬೆಳಿಗ್ಗೆಯಿಂದ ನೀವೆಲ್ಲ ಹೇಳಿ ಹೇಳಿ ಹಾಕಿಸಿದ್ದು. ಇದು ನಿಮ್ಮೆಲ್ಲರ ಮುಖ."

"ಅದನ್ನೇ ಅಲ್ವಾ ನಾನೂ ಹೇಳುದು" ಎಂದರು ದೇರಪ್ಪನವರು ಕಣ್ಣೊರೆಸಿಕೊಳ್ಳುತ್ತ. "ನಮ್ಮೆಲ್ಲರ ಮುಖ. ಅವರ ಮುಖವೂ ಅದೇ. ಇನ್ನೆಂಥ ಸಾಕ್ಷಿ ಬೇಕು?"

"ಮೂಗು ನಾನು ದಾರದಲ್ಲಿ ಬಗ್ಗಿಸಿದ್ದು ಭಾವ. ಪೇಂಟರ್ ಬರೆದದ್ದು ನೆಟ್ಟಗಿತ್ತು. ಅಜ್ಜನ ಮೂಗು ಹೀಗಿತ್ತು ಅಂತ ಯಾರಿಗೂ ಗೊತ್ತಿಲ್ಲ ಅಂತ ಒಂದು ಮಾತು ಹೇಳಿ. ನಿಮ್ಮ ಕಾಲಿಗೆ ಬೀಳ್ತೇನೆ."

ದೇರಪ್ಪನವರು ತಮ್ಮ ಮೂಗನ್ನು ಸವರಿಕೊಂಡರು. ಅವಳು ಶಶಿಕುಮಾರರ ಕಡೆ ತಿರುಗಿದಳು. ಅವರು ಹುಬ್ಬು ಗಂಟಿಕ್ಕಿ ಸೂರು ನೋಡಿದರು. ಗಂಗಮ್ಮ ಗಲ್ಲವನ್ನೇ ನೋಡುತ್ತಿದ್ದರು, ಇತ್ತ ತಿರುಗಲೇ ಇಲ್ಲ. ಹುಡುಗಿಯ ಮೇಲೆ ಎಲ್ಲರಿಗೂ ಪ್ರೀತಿಯಿತ್ತು, ಅದರಲ್ಲಿ ಸುಳ್ಳಿಲ್ಲ. ಆದರೆ ಈ ಹೊತ್ತಿಗೆ ಅವಳನ್ನು ಉಳಿಸಬೇಕಾದರೆ ಯಾರಾದರೊಬ್ಬರು ಗೋಡೆಯ ಮೇಲಿನ ತಮ್ಮ ಪಾಲನ್ನು ಬಿಟ್ಟುಕೊಡಬೇಕಿತ್ತು. ಕೊನೆಗೆ ದಮಯಂತಿ ಗಂಡನ ಕಡೆ ನೋಡಿದಳು.

ತೀರ್ಥಪ್ರಸಾದ ಬಾಯಿ ತೆರೆದ. ಅವನಿಗೆ ಮಗಳೆಂದರೆ ಪ್ರಾಣ. "ಕಿವಿ ಬೇಕಾದ್ರೆ ನಾ ವಾಪಸ್ ತಕ್ಕೊಳ್ತೆ ಅಣ್ಣ" ಎಂದ.

"ಬರೀ ಕಿವಿಯಿಂದ ಎಂಥ ಆದೆ ಮಾರಾಯ" ಎಂದರು ದೇರಪ್ಪನವರು, ಬೈಯದೆ, ಮೆದುವಾಗಿಯೇ. "ಮೂಗು ಉಟ್ಟಲ್ಲ."

ಜಯಪ್ಪನವರನ್ನು ಹಿರಿಯರ ಸಾಲಿನಲ್ಲಿ ಚಾಪೆ ಹಾಕಿ ಕೂರಿಸಿದರು. ಮೂರು ಮನೆ ಇದ್ದದ್ದು ಈಗ ನಾಲ್ಕಾಯಿತು. ಅಕ್ಷಿತ್ ಹಣ್ಣಿನ ತಟ್ಟೆಯನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದ. ಪೂಜಿತಾ ಅವನನ್ನು ನೋಡಿದಳು, ಪಟವನ್ನು ನೋಡಿದಳು, ಆಮೇಲೆ ಅಮ್ಮನನ್ನು ನೋಡಿದಳು. ಆ ನೋಟಕ್ಕಿಂತ ಒಂದು ಪೆಟ್ಟು ಕೊಟ್ಟಿದ್ದರೆ ದಮಯಂತಿಗೆ ಹಗುರವಾಗುತ್ತಿತ್ತು.

ಊಟಕ್ಕೆ ಎಲೆ ಹಾಕಿದಾಗ ದೇರಪ್ಪನವರು ಎದ್ದು ನಿಂತು, ಈ ಕುಟುಂಬಕ್ಕೆ ಸೊಸೆಯಾಗಿ ಬಂದವರಲ್ಲಿ ದಮಯಂತಿ ಮಾಡಿದಂಥ ಉಪಕಾರವನ್ನು ಯಾರೂ ಮಾಡಿಲ್ಲ, ಕಳೆದುಹೋದ ಮನೆಯನ್ನು ಸೂಜಿಯಿಂದ ಹುಡುಕಿ ತಂದಳು ಎಂದರು. ಜಯಪ್ಪನವರು ಕೈ ಮುಗಿದು, ತಂಗಿ, ಬಾಳೆಲೆಯ ಮನೆಗೂ ಇಂಥದ್ದೇ ಒಂದು ಪಟ ಬೇಕು, ಇದೇ ಮೂಗು ಇದೇ ಹುಬ್ಬು ಎಂದರು. ದಮಯಂತಿ ತಲೆಯಾಡಿಸಿದಳು. ಇವತ್ತು ಬೆಳಿಗ್ಗೆಯಿಂದ ಅವಳು ಮಾಡಿದ್ದು ಅದೊಂದೇ ಕೆಲಸ.

ಆಮೇಲೆ ದೇರಪ್ಪನವರು ಅಕ್ಷಿತನ ಕಡೆ ತಿರುಗಿ, ಪಕ್ಕದಲ್ಲಿ ಕೂರಿಸಿಕೊಂಡು, ಬೆನ್ನು ತಟ್ಟಿದರು.

"ಮಗನೇ, ಪೂಜಿತಂಗೆ ಸ್ವಂತ ಅಣ್ಣ ಇಲ್ಲೆ ಅಂತ ನಂಗೆ ಇಷ್ಟು ವರ್ಷ ಚಿಂತೆ ಇತ್ತು. ತೆಂಕದ ಕಡೆ ನಿಂಗೆ ತುಂಬ ಪರಿಚಯ ಉಟ್ಟಲ್ಲ. ಇನ್ನು ಅವಳಿಗೆ ಒಂದು ಒಳ್ಳೆ ಹುಡುಗನ ಹುಡುಕುವ ಜವಾಬ್ದಾರಿ ನಿಂದು."